ಮೊದಲ ಬಾರಿಗೆ ಗುತ್ತಿಗೆ ಪಡೆಯುವವರಿಗೆ ಮಾಹಿತಿ: ದಿನದ ದರ, ವೆಚ್ಚಗಳು ಹಾಗೂ ಬಿಲ್ಲಿನ ಕಡಿತಗಳು

(ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಅರ್ಜಿದಾರರ ಅನುಕೂಲಕ್ಕಾಗಿ)

1. ಪೀಠಿಕೆ

ಗೌಂಡಿ ಕೆಲಸ, ಸೆಂಟ್ರಿಂಗ್, ಕಲ್ಲು ಕಟ್ಟಡ ಮುಂತಾದ ಕಸುಬುಗಳಲ್ಲಿ ಅನುಭವ ಪಡೆದ ಅನೇಕರು ಲೋಕೋಪಯೋಗಿ ಇಲಾಖೆಯಲ್ಲಿ ನಾಲ್ಕನೇ ದರ್ಜೆಯ ಗುತ್ತಿಗೆದಾರರಾಗಿ ನೋಂದಾಯಿಸಿಕೊಂಡು ಸಣ್ಣ ಕಾಮಗಾರಿಗಳಿಗೆ ಟೆಂಡರ್ ಸಲ್ಲಿಸುತ್ತಾರೆ. ಕೆಲಸದ ಗುಣಮಟ್ಟದಲ್ಲಿ ಕೊರತೆ ಇಲ್ಲದಿದ್ದರೂ ಲೆಕ್ಕಾಚಾರದ ಕೊರತೆಯಿಂದ ಮೊದಲ ಕಾಮಗಾರಿಯಲ್ಲಿಯೇ ನಷ್ಟಕ್ಕೆ ಒಳಗಾಗುವ ಸಂಭವವಿರುತ್ತದೆ. ಇಂತಹ ನಷ್ಟದ ಭಾರವು ಗುತ್ತಿಗೆದಾರರ ಮೇಲೆ ಮಾತ್ರವಲ್ಲದೆ, ಅಂತಿಮವಾಗಿ ಕೂಲಿ ಬಾಕಿ ಉಳಿಯುವ ಕಾರ್ಮಿಕರ ಮೇಲೂ, ಅರ್ಧಕ್ಕೆ ನಿಂತ ಕಾಮಗಾರಿಯ ಗ್ರಾಮಸ್ಥರ ಮೇಲೂ ಬೀಳುತ್ತದೆ. ಆದ್ದರಿಂದ ಟೆಂಡರ್ ಸಲ್ಲಿಸುವ ಮುನ್ನ ಗಮನಿಸಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

2. ದಿನದ ದರ ಎಂದರೇನು?

‘ದಿನದ ದರ’ ಎಂಬ ಪದವನ್ನು ಮೂರು ಬೇರೆ ಬೇರೆ ಅರ್ಥಗಳಲ್ಲಿ ಬಳಸಲಾಗುತ್ತದೆ. ಇವುಗಳನ್ನು ಒಂದೇ ಎಂದು ಭಾವಿಸಬಾರದು.

ಅ) ಕನಿಷ್ಠ ವೇತನ: ಕಾರ್ಮಿಕ ಇಲಾಖೆಯು ಅಧಿಸೂಚನೆಯ ಮೂಲಕ ನಿಗದಿಪಡಿಸುವ ದರ. ತುಟ್ಟಿಭತ್ಯೆಯನ್ನು ಪ್ರತಿ ವರ್ಷ ಏಪ್ರಿಲ್ 1ರಿಂದ ಪರಿಷ್ಕರಿಸಲಾಗುತ್ತದೆ. ಇದಕ್ಕಿಂತ ಕಡಿಮೆ ಕೂಲಿ ನೀಡುವುದು ಕಾನೂನು ಬಾಹಿರ. ಕಾರ್ಮಿಕರು ಒಪ್ಪಿದ್ದಾರೆ ಎಂಬ ಕಾರಣವನ್ನು ಮಾನ್ಯ ಮಾಡಲಾಗುವುದಿಲ್ಲ. ಒಂದೇ ಬಗೆಯ ಕೆಲಸಕ್ಕೆ ಹೆಣ್ಣಾಳಿಗೂ ಗಂಡಾಳಿಗೂ ಸಮಾನ ಕೂಲಿ ಕೊಡತಕ್ಕದ್ದು. ಈ ನಿಯಮವು 1976ರ ಸಮಾನ ವೇತನ ಕಾಯ್ದೆಯಲ್ಲಿ ಇದ್ದು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲಿಯೂ ಮುಂದುವರಿದಿದೆ.

ಆ) ದರಪಟ್ಟಿಯ ದರ: ಇಲಾಖೆಯ ದರಪಟ್ಟಿಯಲ್ಲಿ (ಎಸ್.ಆರ್.) ಅಂದಾಜು ಪತ್ರಿಕೆ ತಯಾರಿಸುವ ಸಲುವಾಗಿ ನಮೂದಿಸಿರುವ ಕೂಲಿ ಹಾಗೂ ಯಂತ್ರ ಬಾಡಿಗೆಯ ದರ. ಇದು ಲೆಕ್ಕಕ್ಕಾಗಿ ಇರುವ ದರ. ಗುತ್ತಿಗೆದಾರರಿಗೆ ಆಳುಗಳ ಸಂಖ್ಯೆಗೆ ಅನುಗುಣವಾಗಿ ಹಣ ಪಾವತಿಯಾಗುವುದಿಲ್ಲ. ಅಳತೆ ಪುಸ್ತಕದಲ್ಲಿ ದಾಖಲಾದ ಕೆಲಸದ ಪರಿಮಾಣಕ್ಕೆ ಮಾತ್ರ ಪಾವತಿಯಾಗುತ್ತದೆ.

ಇ) ಪೇಟೆಯ ದರ: ಆ ಊರಿನಲ್ಲಿ, ಆ ಹಂಗಾಮಿನಲ್ಲಿ ಗೌಂಡಿ ಹಾಗೂ ಆಳುಗಳು ವಾಸ್ತವವಾಗಿ ಕೇಳುವ ಕೂಲಿ. ಗುತ್ತಿಗೆದಾರರ ಕೈಯಿಂದ ಖರ್ಚಾಗುವುದು ಈ ದರ.

ಮೂರನೆಯ ದರವು ಎರಡನೆಯದಕ್ಕಿಂತ ಹೆಚ್ಚಿದ್ದಲ್ಲಿ ವ್ಯತ್ಯಾಸವನ್ನು ಗುತ್ತಿಗೆದಾರರೇ ಭರಿಸಬೇಕಾಗುತ್ತದೆ. ಅಲ್ಪಾವಧಿಯ ಸಣ್ಣ ಕಾಮಗಾರಿಗಳಲ್ಲಿ ಬೆಲೆ ಏರಿಕೆಯ ಹೊಂದಾಣಿಕೆಗೆ ಸಾಮಾನ್ಯವಾಗಿ ಅವಕಾಶವಿರುವುದಿಲ್ಲ.

3. ಒಂದು ದಿನದ ನಿಜವಾದ ವೆಚ್ಚ

ಈ ಕೆಳಗಿನ ಮೊತ್ತಗಳು ಉದಾಹರಣೆಗಾಗಿ ಮಾತ್ರ. ಅರ್ಜಿದಾರರು ತಮ್ಮ ಊರಿನ ದರಗಳನ್ನು ಬಳಸಿ ಲೆಕ್ಕ ಹಾಕಿಕೊಳ್ಳತಕ್ಕದ್ದು.

ಒಬ್ಬ ಗೌಂಡಿಯ ಕೂಲಿ – ರೂ. 900
ನಾಲ್ವರು ಆಳುಗಳ ಕೂಲಿ (ತಲಾ ರೂ. 600) – ರೂ. 2,400
ಕೂಲಿಯ ಮೊತ್ತ – ರೂ. 3,300

ಆಳುಗಳನ್ನು ಕರೆತರುವ ಟಂಟಂ ಬಾಡಿಗೆ – ರೂ. 400
ಚಹಾ, ಕುಡಿಯುವ ನೀರು – ರೂ. 150
ಸಲಿಕೆ, ಬುಟ್ಟಿ, ಹಲಗೆ ಮುಂತಾದವುಗಳ ಸವಕಳಿ – ರೂ. 250
ಮೇಲ್ವಿಚಾರಣೆಗಾಗಿ ಗುತ್ತಿಗೆದಾರರ ಸ್ವಂತ ದಿನಗೂಲಿ – ರೂ. 800
ಒಟ್ಟು – ರೂ. 4,900

ಹೊಸಬರು ಸಾಮಾನ್ಯವಾಗಿ ರೂ. 3,300 ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ತಮ್ಮ ಸ್ವಂತ ದುಡಿಮೆಗೆ ಬೆಲೆ ಕಟ್ಟುವುದಿಲ್ಲ. ಗುತ್ತಿಗೆದಾರರ ದಿನಗೂಲಿಯು ವೆಚ್ಚವೇ ಹೊರತು ಲಾಭವಲ್ಲ ಎಂಬುದನ್ನು ಗಮನಿಸುವುದು.

ಇದಲ್ಲದೆ, ಆಳುಗಳು ಬಂದರೂ ಕೆಲಸ ಸಾಗದ ದಿನಗಳಿರುತ್ತವೆ. ಜಲ್ಲಿ ಬಾರದಿರುವುದು, ಮಳೆ, ಕಾಂಕ್ರೀಟ್ ಹಾಕುವ ಮುನ್ನ ಆಗಬೇಕಾದ ತಪಾಸಣೆ ಮುಂದೂಡಲ್ಪಡುವುದು ಇದಕ್ಕೆ ಕಾರಣಗಳು. 20 ದಿನಗಳ ಹಾಜರಿಯಲ್ಲಿ 3 ದಿನ ಹೀಗೆ ವ್ಯರ್ಥವಾದಲ್ಲಿ, ಕೆಲಸ ನಡೆದ 17 ದಿನಗಳ ಪ್ರತಿ ದಿನದ ವೆಚ್ಚ ಸುಮಾರು ರೂ. 5,765 ಆಗುತ್ತದೆ.

4. ಸ್ಥಳೀಯವಾಗಿ ಗಮನಿಸಬೇಕಾದ ಅಂಶಗಳು

- ಕಬ್ಬಿನ ಹಂಗಾಮು: ಉಗಾರ ಖುರ್ದ ಸೇರಿದಂತೆ ಈ ಭಾಗದ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುವ ತಿಂಗಳುಗಳಲ್ಲಿ ಆಳುಗಳೂ ಟ್ರ್ಯಾಕ್ಟರುಗಳೂ ಕಟಾವು ಹಾಗೂ ಸಾಗಣೆಯಲ್ಲಿ ತೊಡಗಿರುತ್ತವೆ. ಆಗ ಕೂಲಿ ಮತ್ತು ಬಾಡಿಗೆ ಎರಡೂ ಏರುತ್ತವೆ. ಮಳೆಗಾಲದಲ್ಲಿ ವಿಚಾರಿಸಿದ ದರವನ್ನು ಈ ತಿಂಗಳುಗಳಿಗೆ ಅನ್ವಯಿಸಬಾರದು.
- ನದಿತೀರ: ಸಪ್ತಸಾಗರ, ನದಿ ಇಂಗಳಗಾಂವ, ಸತ್ತಿ ಮುಂತಾದ ಕೃಷ್ಣಾ ತೀರದ ಗ್ರಾಮಗಳಲ್ಲಿ ಮಳೆಗಾಲದಲ್ಲಿ ಕೆಲಸದ ದಿನಗಳು ಕಡಿಮೆ. 2005 ಹಾಗೂ 2019ರಲ್ಲಿ ಕೃಷ್ಣಾ ನದಿಗೆ ಬಂದ ಪ್ರವಾಹವನ್ನು ಗಮನದಲ್ಲಿಟ್ಟುಕೊಂಡು ಸಾಮಗ್ರಿ ದಾಸ್ತಾನಿನ ಸ್ಥಳವನ್ನು ಆಯ್ಕೆ ಮಾಡುವುದು.
- ಎರೆ ಭೂಮಿ: ಎರೆ ಮಣ್ಣು ಒದ್ದೆಯಾದಾಗ ಲಾರಿ, ಟ್ರ್ಯಾಕ್ಟರುಗಳು ಕಾಮಗಾರಿ ಸ್ಥಳ ತಲುಪಲಾರವು. ಪಾಯದ ಆಳವನ್ನು ಸ್ಥಳದಲ್ಲಿಯೇ ಪರಿಶೀಲಿಸುವುದು.
- ನೀರು: ತೆಲಸಂಗ ಹೋಬಳಿಯಂತಹ ಒಣ ಪ್ರದೇಶಗಳಲ್ಲಿ ಕಾಂಕ್ರೀಟಿಗೂ, ಅದರ ನಂತರ ನೀರುಣಿಸುವುದಕ್ಕೂ ಟ್ಯಾಂಕರ್ ನೀರು ಬೇಕಾಗಬಹುದು.
- ಸಾಗಣೆ ದೂರ: ಅಂದಾಜು ಪತ್ರಿಕೆಯ ಲೀಡ್ ಪಟ್ಟಿಯಲ್ಲಿ ನಮೂದಿಸಿರುವ ಕ್ವಾರಿಯಲ್ಲಿ ಜಲ್ಲಿ ದೊರೆಯುತ್ತಿದೆಯೇ ಎಂಬುದನ್ನು ಖುದ್ದಾಗಿ ವಿಚಾರಿಸುವುದು. ಬೇರೆ ಕ್ವಾರಿಯಿಂದ ತರುವ ಹೆಚ್ಚುವರಿ ದೂರದ ವೆಚ್ಚ ಗುತ್ತಿಗೆದಾರರದೇ ಆಗುತ್ತದೆ.

5. ಶೇಕಡಾವಾರು ದರ ನಮೂದಿಸುವಾಗ

ಕಾಮಗಾರಿಯ ಪ್ರತಿ ಬಾಬಿನ ದರದಲ್ಲಿ ಸಾಮಗ್ರಿ, ಕೂಲಿ, ಯಂತ್ರ, ಮೇಲ್ವೆಚ್ಚ ಹಾಗೂ ಗುತ್ತಿಗೆದಾರರ ಲಾಭ ಸೇರಿರುತ್ತವೆ. ಲಾಭಾಂಶವನ್ನು ಶೇ. 10 ಎಂದು ಇಟ್ಟುಕೊಂಡರೆ, ಸರಕು ಮತ್ತು ಸೇವಾ ತೆರಿಗೆ (ಜಿ.ಎಸ್.ಟಿ.) ಹೊರತುಪಡಿಸಿ ರೂ. 5,00,000 ಅಂದಾಜಿನ ಕಾಮಗಾರಿಯಲ್ಲಿ:

ವೆಚ್ಚದ ಭಾಗ – ರೂ. 4,54,545
ಲಾಭದ ಭಾಗ – ರೂ. 45,455

ಅಂದಾಜಿಗಿಂತ ಶೇ. 10 ಕಡಿಮೆ ದರ ನಮೂದಿಸಿದಲ್ಲಿ ಗುತ್ತಿಗೆಯ ಮೊತ್ತ ರೂ. 4,50,000 ಆಗುತ್ತದೆ. ಇದು ವೆಚ್ಚಕ್ಕಿಂತಲೂ ರೂ. 4,545 ಕಡಿಮೆ. ಅಂದರೆ ಶೇ. 10 ಲಾಭವಿರುವ ದರದಲ್ಲಿ ಶೇ. 10 ಬಿಟ್ಟುಕೊಟ್ಟರೆ ಲಾಭವೆಲ್ಲವೂ ಹೋಗಿ ಕೈಯಿಂದ ಹಣ ಹಾಕಬೇಕಾಗುತ್ತದೆ. ಸುಮಾರು ಶೇ. 9ಕ್ಕೆ ಲಾಭವು ಪೂರ್ಣವಾಗಿ ಮುಗಿಯುತ್ತದೆ. ಇತರ ಟೆಂಡರುದಾರರು ಎಷ್ಟು ಕಡಿಮೆ ಹಾಕುವರು ಎಂಬ ಊಹೆಗಿಂತ ಮೊದಲು ಈ ಲೆಕ್ಕವನ್ನು ಮಾಡಿಕೊಳ್ಳುವುದು ಕ್ಷೇಮ. ದರವು ತೀರ ಕಡಿಮೆ ಇದ್ದಲ್ಲಿ ಹೆಚ್ಚುವರಿ ಭದ್ರತಾ ಠೇವಣಿ ಕೇಳುವ ಷರತ್ತು ಟೆಂಡರ್ ದಾಖಲೆಯಲ್ಲಿ ಇರಬಹುದು. ಅದನ್ನೂ ಓದಿಕೊಳ್ಳತಕ್ಕದ್ದು.

6. ಬಿಲ್ಲಿನಲ್ಲಿ ಆಗುವ ಕಡಿತಗಳು

ಕಡಿತಗಳು ಮೂರು ವಿಧ: ಮರಳಿ ಬರುವವು, ತೆರಿಗೆಗೆ ಜಮೆಯಾಗುವವು ಹಾಗೂ ಮರಳಿ ಬಾರದವು.

ಅ) ಮರಳಿ ಬರುವವು: ಭದ್ರತಾ ಠೇವಣಿ. ಟೆಂಡರ್ ದಾಖಲೆಯಲ್ಲಿ ಸೂಚಿಸಿದ ದರದಂತೆ ಬಿಲ್ಲಿನಿಂದ ಹಿಡಿದಿಟ್ಟು, ದೋಷ ಹೊಣೆಗಾರಿಕೆ ಅವಧಿ ಮುಗಿದ ನಂತರ ಅರ್ಜಿಯ ಮೇರೆಗೆ ಮರಳಿಸಲಾಗುತ್ತದೆ.

ಆ) ತೆರಿಗೆಗೆ ಜಮೆಯಾಗುವವು: ಆದಾಯ ತೆರಿಗೆಯ ಮೂಲ ಕಡಿತವು ವ್ಯಕ್ತಿಗಳಿಗೆ ಹಾಗೂ ಹಿಂದೂ ಅವಿಭಕ್ತ ಕುಟುಂಬಕ್ಕೆ ಶೇ. 1, ಇತರರಿಗೆ ಶೇ. 2. ಪ್ಯಾನ್ ಸಂಖ್ಯೆ ನೀಡದಿದ್ದಲ್ಲಿ ಶೇ. 20. ಗುತ್ತಿಗೆಯ ಮೊತ್ತ ರೂ. 2.5 ಲಕ್ಷ ಮೀರಿದಲ್ಲಿ ಜಿ.ಎಸ್.ಟಿ. ಮೂಲ ಕಡಿತ ಶೇ. 2 (2018ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ). ರಿಟರ್ನ್ ಸಲ್ಲಿಸಿದವರಿಗೆ ಮಾತ್ರ ಈ ಮೊತ್ತಗಳ ಪ್ರಯೋಜನ ದೊರೆಯುತ್ತದೆ.

ಇ) ಮರಳಿ ಬಾರದವು: ಕಟ್ಟಡ ಕಾರ್ಮಿಕರ ಕಲ್ಯಾಣ ಉಪಕರ ಶೇ. 1. ಇದನ್ನು ಅಂದಾಜಿನಲ್ಲಿ ಪ್ರತ್ಯೇಕವಾಗಿ ಸೇರಿಸಲಾಗಿದೆಯೇ ಎಂಬುದನ್ನು ಪರಿಶೀಲಿಸುವುದು. ಮರಳು, ಜಲ್ಲಿ, ಗರಸುಗಳಿಗೆ ಖನಿಜ ಸಾಗಣೆ ಪರವಾನಗಿಯ ಪ್ರತಿಗಳನ್ನು ಹಾಜರುಪಡಿಸದಿದ್ದಲ್ಲಿ ರಾಜಧನ ಮತ್ತು ದಂಡವನ್ನು ಬಿಲ್ಲಿನಿಂದ ಕಡಿತಗೊಳಿಸಲಾಗುತ್ತದೆ. ಆದ್ದರಿಂದ ಪ್ರತಿ ಲೋಡಿನ ಪರವಾನಗಿಯನ್ನೂ ಕೇಳಿ ಪಡೆದು ಕಾಯ್ದಿಡುವುದು.

ಉದಾಹರಣೆ: ಮೇಲ್ಕಂಡ ಕಾಮಗಾರಿಗೆ ಶೇ. 5 ಕಡಿಮೆ ದರ ನಮೂದಿಸಿದ್ದು, ಉಪಕರವನ್ನು ಅಂದಾಜಿನಲ್ಲಿ ಸೇರಿಸಿಲ್ಲ ಹಾಗೂ ಭದ್ರತಾ ಠೇವಣಿ ಶೇ. 5 ಎಂದು ಭಾವಿಸಲಾಗಿದೆ.

ಗುತ್ತಿಗೆಯ ಮೊತ್ತ – ರೂ. 4,75,000
ಆದಾಯ ತೆರಿಗೆ ಶೇ. 1 – ರೂ. 4,750
ಕಾರ್ಮಿಕ ಉಪಕರ ಶೇ. 1 – ರೂ. 4,750
ಭದ್ರತಾ ಠೇವಣಿ ಶೇ. 5 – ರೂ. 23,750
ಕಾಮಗಾರಿಗಾಗಿ ಕೈಗೆ ಸಿಗುವ ಮೊತ್ತ – ರೂ. 4,41,750
ವೆಚ್ಚ – ರೂ. 4,54,545
ಆ ಸಮಯಕ್ಕೆ ಕೊರತೆ – ರೂ. 12,795

ಠೇವಣಿ ಮರಳಿದ ನಂತರ ಹಾಗೂ ಆದಾಯ ತೆರಿಗೆಯ ಕಡಿತ ಜಮೆಯಾದ ನಂತರ ಉಳಿಯುವ ಲಾಭ ರೂ. 15,705. ಅಂದರೆ ಲೆಕ್ಕದಲ್ಲಿ ಲಾಭವಿದ್ದರೂ ಬಿಲ್ಲು ಪಾವತಿಯಾದ ದಿನ ಗುತ್ತಿಗೆದಾರರ ಕೈಯಲ್ಲಿ ಹಣದ ಕೊರತೆ ಇರುತ್ತದೆ. ಈ ಕೊರತೆಯನ್ನು ಬಡ್ಡಿ ಸಾಲದಿಂದ ತುಂಬಿದಲ್ಲಿ ಬಡ್ಡಿಯು ಉಳಿದ ಲಾಭವನ್ನೂ ತಿನ್ನುತ್ತದೆ.

ಈ ಲೆಕ್ಕದಲ್ಲಿ ಜಿ.ಎಸ್.ಟಿ.ಯನ್ನು ಸೇರಿಸಿಲ್ಲ. ಸರ್ಕಾರಿ ಕಾಮಗಾರಿ ಗುತ್ತಿಗೆಗಳಿಗೆ 2022ರ ಜುಲೈ 18ರಿಂದ ಸಾಮಾನ್ಯ ದರ ಶೇ. 18 ಇದ್ದು, ಈ ಉದಾಹರಣೆಯಲ್ಲಿ ಅದು ರೂ. 85,500. ಈ ಹಣವು ಖಾತೆಗೆ ಬಂದರೂ ಗುತ್ತಿಗೆದಾರರದಲ್ಲ. ಸಿಮೆಂಟ್, ಕಬ್ಬಿಣ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಹೊಂದಾಣಿಕೆ ಮಾಡಿ ಉಳಿದದ್ದನ್ನು ಸರ್ಕಾರಕ್ಕೆ ಕಟ್ಟತಕ್ಕದ್ದು. ಮೀರಜ, ಸಾಂಗಲಿಯಿಂದ ಖರೀದಿಸಿದ ಸಾಮಗ್ರಿಗೂ ಹೊಂದಾಣಿಕೆ ದೊರೆಯುತ್ತದೆ. ಆದರೆ ಗುತ್ತಿಗೆದಾರರ ನೋಂದಣಿ ಸಂಖ್ಯೆ ಇರುವ ತೆರಿಗೆ ಬಿಲ್ಲು ಅಗತ್ಯ. ಕಚ್ಚಾ ಚೀಟಿಗೆ ಹೊಂದಾಣಿಕೆ ಇರುವುದಿಲ್ಲ.

7. ಕೂಲಿ ಬಟವಾಡೆ

ಇಲಾಖೆಯ ಬಿಲ್ಲು ತಡವಾದರೂ ಕೂಲಿ ಬಟವಾಡೆಯನ್ನು ತಡೆಯುವಂತಿಲ್ಲ. ವಾರದ ಲೆಕ್ಕದ ಕೂಲಿಯನ್ನು ವಾರದ ರಜೆಗೆ ಮುನ್ನ, ದಿನಗೂಲಿಯನ್ನು ಆ ದಿನದ ಕೆಲಸ ಮುಗಿದಾಗ ಪಾವತಿಸುವುದು. ಕನಿಷ್ಠ ನಾಲ್ಕು ಬಟವಾಡೆಗೆ ಸಾಕಾಗುವ ಹಣವನ್ನು ಪ್ರತ್ಯೇಕವಾಗಿ ಇಟ್ಟುಕೊಂಡ ನಂತರವೇ ಕಾಮಗಾರಿ ಆರಂಭಿಸುವುದು ಸೂಕ್ತ. ಹಾಜರಿ ಪಟ್ಟಿಯಲ್ಲಿ ಹೆಸರು, ದಿನ, ದರ, ಪಾವತಿ ಹಾಗೂ ಸಹಿ ಇರಲಿ. ಮುಂಗಡ ಕೊಟ್ಟಿದ್ದರೆ ಅದನ್ನೂ ಬರೆದಿಡುವುದು. ಮುಂಗಡದ ಕಾರಣದಿಂದ ಕಾರ್ಮಿಕರನ್ನು ಬಲವಂತವಾಗಿ ದುಡಿಸುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಅಪರಾಧ.

8. ಪ್ರಶ್ನೋತ್ತರ

ಪ್ರಶ್ನೆ: ಅಭಿಯಂತರರು ಬಾಯಿಮಾತಿನಲ್ಲಿ ಹೇಳಿದ ಹೆಚ್ಚುವರಿ ಕೆಲಸಕ್ಕೆ ಹಣ ಬರುವುದೇ?
ಉತ್ತರ: ಲಿಖಿತ ಆದೇಶ ಹಾಗೂ ಒಪ್ಪಿತ ದರವಿಲ್ಲದೆ ಹೆಚ್ಚುವರಿ ಕೆಲಸ ಕೈಗೊಳ್ಳಬಾರದು. ಪಾವತಿಗೆ ಅಳತೆ ಪುಸ್ತಕದ ದಾಖಲೆಯೂ ಅವಶ್ಯ.

ಪ್ರಶ್ನೆ: ಪಾಯದ ಕೆಲಸವನ್ನು ಮುಚ್ಚಿದ ನಂತರ ಅಳತೆ ಮಾಡಿಸಬಹುದೇ?
ಉತ್ತರ: ಇಲ್ಲ. ಮಣ್ಣಿನಡಿ ಮರೆಯಾಗುವ ಕೆಲಸವನ್ನು ಮುಚ್ಚುವ ಮುನ್ನವೇ ಲಿಖಿತವಾಗಿ ತಿಳಿಸಿ ಅಳತೆ ಮಾಡಿಸಿಕೊಳ್ಳತಕ್ಕದ್ದು.

ಪ್ರಶ್ನೆ: ವಹಿವಾಟು ರೂ. 20 ಲಕ್ಷಕ್ಕಿಂತ ಕಡಿಮೆ ಇದ್ದರೂ ಜಿ.ಎಸ್.ಟಿ. ನೋಂದಣಿ ಬೇಕೇ?
ಉತ್ತರ: ಸೇವೆಗಳ ವಾರ್ಷಿಕ ವಹಿವಾಟು ಈ ಮಿತಿಯೊಳಗೆ ಇದ್ದಲ್ಲಿ ಸಾಮಾನ್ಯವಾಗಿ ಕಡ್ಡಾಯವಲ್ಲ. ಆದರೆ ಟೆಂಡರ್ ಷರತ್ತಿನಲ್ಲಿ ನೋಂದಣಿ ಸಂಖ್ಯೆಯನ್ನು ಕೇಳಿದ್ದಲ್ಲಿ ಅದಿಲ್ಲದೆ ಟೆಂಡರ್ ಅರ್ಹವಾಗುವುದಿಲ್ಲ.

ಪ್ರಶ್ನೆ: ಉಪಕರ ಕಟ್ಟಿದ್ದರಿಂದ ನಮ್ಮ ಆಳುಗಳಿಗೆ ಏನು ಪ್ರಯೋಜನ?
ಉತ್ತರ: ಈ ಹಣ ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸಂದಾಯವಾಗುತ್ತದೆ. 18ರಿಂದ 60 ವರ್ಷದೊಳಗಿನ, ಹಿಂದಿನ 12 ತಿಂಗಳಲ್ಲಿ 90 ದಿನ ನಿರ್ಮಾಣ ಕೆಲಸ ಮಾಡಿದ ಕಾರ್ಮಿಕರು ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಸರಿಯಾದ ಹಾಜರಿ ಪಟ್ಟಿ ಇಟ್ಟ ಗುತ್ತಿಗೆದಾರರು ಕೆಲಸದ ದೃಢೀಕರಣ ನೀಡಿ ಅವರಿಗೆ ನೆರವಾಗಬಹುದು.

9. ಟೆಂಡರ್ ಸಲ್ಲಿಸುವ ಮುನ್ನ ಪರಿಶೀಲನಾ ಪಟ್ಟಿ

- ಕಾಮಗಾರಿ ಸ್ಥಳವನ್ನು ಖುದ್ದಾಗಿ ನೋಡಲಾಗಿದೆಯೇ?
- ಕೆಲಸ ನಡೆಯುವ ತಿಂಗಳಿನ ಪೇಟೆ ದರ ವಿಚಾರಿಸಲಾಗಿದೆಯೇ?
- ಸ್ವಂತ ದಿನಗೂಲಿ ಹಾಗೂ ವ್ಯರ್ಥ ದಿನಗಳನ್ನು ಸೇರಿಸಲಾಗಿದೆಯೇ?
- ಕ್ವಾರಿಯ ದೂರ ಮತ್ತು ನೀರಿನ ವೆಚ್ಚ ತಾಳೆ ನೋಡಲಾಗಿದೆಯೇ?
- ಮುಂಗಡ ಠೇವಣಿ, ಭದ್ರತಾ ಠೇವಣಿಗಳಲ್ಲಿ ಹಣ ಎಷ್ಟು ಕಾಲ ಉಳಿಯುತ್ತದೆ ಎಂದು ತಿಳಿದಿದೆಯೇ?
- ನಾಲ್ಕು ಬಟವಾಡೆಯ ಹಣ ಸಿದ್ಧವಿದೆಯೇ?

ಈ ಪ್ರಶ್ನೆಗಳಲ್ಲಿ ಒಂದಕ್ಕಾದರೂ ‘ಇಲ್ಲ’ ಎಂಬ ಉತ್ತರ ಬಂದಲ್ಲಿ ಆ ಟೆಂಡರನ್ನು ಬಿಟ್ಟು ಮುಂದಿನದಕ್ಕೆ ಸಿದ್ಧರಾಗುವುದರಿಂದ ನಷ್ಟವೇನೂ ಇಲ್ಲ. ದರಪಟ್ಟಿ ಹಾಗೂ ಟೆಂಡರ್ ಷರತ್ತುಗಳ ಬಗ್ಗೆ ಲೋಕೋಪಯೋಗಿ ಇಲಾಖೆಯ ಉಪವಿಭಾಗ ಕಚೇರಿಯಲ್ಲಿ, ಕನಿಷ್ಠ ವೇತನ ಮತ್ತು ಕಾರ್ಮಿಕರ ನೋಂದಣಿಯ ಬಗ್ಗೆ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಕೆಲಸದ ವೇಳೆಯಲ್ಲಿ ವಿಚಾರಿಸಬಹುದಾಗಿದೆ.