ಹದಿಮೂರಕ್ಕೇ ಎತ್ತರ ಬೆಳೆದವರು ಮಾತ್ರ ಒಳ್ಳೆಯ ಆಟಗಾರರೇ?

ಶಾಲಾ ಕ್ರೀಡಾಕೂಟ ಹತ್ತಿರ ಬಂದಾಗ ಯಾವಗಲ್ ಇರಲಿ, ರೋಣ, ನರಗುಂದ, ಗಜೇಂದ್ರಗಡದ ಯಾವುದೇ ಊರಿರಲಿ, ಶಾಲೆಯ ಮೈದಾನದಲ್ಲಿ ಕಾಣುವ ದೃಶ್ಯ ಒಂದೇ. ಕಬಡ್ಡಿ ತಂಡಕ್ಕೆ ಆಯ್ಕೆ ನಡೆದಿರುತ್ತದೆ. ಮೂವತ್ತು ಮಕ್ಕಳು ಸಾಲಾಗಿ ನಿಂತಿರುತ್ತಾರೆ, ತಂಡದಲ್ಲಿ ಜಾಗವಿರುವುದು ಹನ್ನೆರಡು ಜನಕ್ಕೆ. ಎತ್ತರ ಇದ್ದವರು, ಮೈಕಟ್ಟು ಇದ್ದವರು ಮೊದಲು ಒಳಗೆ ಹೋಗುತ್ತಾರೆ. ಉಳಿದವರಿಗೆ ಸಿಗುವುದು ಒಂದು ಮಾತು: "ನೀ ಇನ್ನೂ ಸಣ್ಣಾಂವ ಅದಿ, ಮುಂದಿನ ವರ್ಷ ನೋಡೂಣು."

ಆ ಮುಂದಿನ ವರ್ಷ ಎಷ್ಟೋ ಮಕ್ಕಳಿಗೆ ಬರುವುದೇ ಇಲ್ಲ. ಅಷ್ಟರಲ್ಲಿ ಅವರು ಆಟ ಬಿಟ್ಟಿರುತ್ತಾರೆ. ಹಾಗಾದರೆ ಹದಿಮೂರನೇ ವಯಸ್ಸಿನ ಎತ್ತರ ನೋಡಿ ಮುಂದಿನ ಆಟಗಾರನನ್ನು ಗುರುತಿಸಬಹುದೇ? ಇಲ್ಲ. ಆ ವಯಸ್ಸಿನಲ್ಲಿ ಕಾಣುವ ಎತ್ತರ, ಬಲಗಳಲ್ಲಿ ಹೆಚ್ಚಿನ ಪಾಲು ಪ್ರತಿಭೆಯದ್ದಲ್ಲ, ಬೆಳವಣಿಗೆ ಯಾವಾಗ ಶುರುವಾಯಿತು ಎಂಬುದರದ್ದು.

ಒಂದೇ ತರಗತಿ, ಬೇರೆ ಬೇರೆ ದೇಹ

ಹರೆಯದಲ್ಲಿ ದೇಹ ಒಮ್ಮೆ ಸರ್ರನೆ ಬೆಳೆಯುತ್ತದೆ. ಹೆಣ್ಣುಮಕ್ಕಳಲ್ಲಿ ಈ ಬೆಳವಣಿಗೆ ಸುಮಾರು 12ನೇ ವಯಸ್ಸಿಗೆ, ಗಂಡುಮಕ್ಕಳಲ್ಲಿ ಸುಮಾರು 14ಕ್ಕೆ ಅತಿ ವೇಗದಲ್ಲಿರುತ್ತದೆ. ಆಗ ವರ್ಷಕ್ಕೆ 8ರಿಂದ 10 ಸೆಂಟಿಮೀಟರ್ ಎತ್ತರವಾಗುವುದು ಸಾಮಾನ್ಯ. ಆದರೆ ಇವು ಸರಾಸರಿ ಲೆಕ್ಕಗಳು. ಕೆಲವರಿಗೆ ಇದು ಎರಡು ವರ್ಷ ಮೊದಲೇ ಬರುತ್ತದೆ, ಕೆಲವರಿಗೆ ಎರಡು ವರ್ಷ ತಡವಾಗಿ. ಹೀಗಾಗಿ ಒಂದೇ ಬೆಂಚಿನಲ್ಲಿ ಕೂರುವ ಇಬ್ಬರು ಹದಿಮೂರರ ಹುಡುಗರ ಮೂಳೆಗಳ ಬೆಳವಣಿಗೆಯಲ್ಲಿ ನಾಲ್ಕು ವರ್ಷದ ಅಂತರ ಇರಬಹುದು. ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಇನ್ನೊಬ್ಬನ ದನಿಯೂ ಒಡೆದಿರುವುದಿಲ್ಲ.

ತಡವಾಗಿ ಬೆಳೆಯುವ ಮಕ್ಕಳಲ್ಲಿ ಬಹುಪಾಲು ಜನ 17–18ರ ಹೊತ್ತಿಗೆ ಉಳಿದವರನ್ನು ಸರಿಗಟ್ಟುತ್ತಾರೆ. ಆಗ ಮೊದಲು ಎತ್ತರವಾದವನಿಗಿದ್ದ ಅನುಕೂಲ ಕರಗುತ್ತದೆ. ಅಲ್ಲಿಯವರೆಗೆ ಬರೀ ಬಲದಿಂದ ಗೆಲ್ಲುತ್ತ ಬಂದವನು ಕಾಲ್ಚಳಕ, ಸಮಯಪ್ರಜ್ಞೆ ಕಲಿತಿರದಿದ್ದರೆ ಹಿಂದೆ ಬೀಳುತ್ತಾನೆ. ಅವುಗಳನ್ನು ಕಲಿಯಬಹುದಾಗಿದ್ದ ಸಣ್ಣ ಹುಡುಗ ಅಷ್ಟರಲ್ಲಿ ಮೈದಾನವನ್ನೇ ಬಿಟ್ಟಿರುತ್ತಾನೆ. ಅಂದರೆ ಇಬ್ಬರಿಗೂ ನಷ್ಟ.

ಜೂನ್ 1ರಂದು ಹುಟ್ಟಿದವರು

ವಯೋಮಿತಿ ಇದೆಯಲ್ಲ, ಅದು ಈ ಅಂತರವನ್ನು ಸರಿಪಡಿಸುವುದಿಲ್ಲವೇ? ಪೂರ್ತಿಯಾಗಿ ಇಲ್ಲ. ಶಾಲಾ ಕ್ರೀಡೆಗಳಲ್ಲಿ 14, 17, 19 ವರ್ಷದೊಳಗಿನವರು ಎಂಬ ವಿಭಾಗಗಳಿವೆ. ವಯಸ್ಸು ಲೆಕ್ಕ ಹಾಕುವ ದಿನದ ಸ್ವಲ್ಪ ಆಚೆ ಹುಟ್ಟಿದ ಮಗು ತನ್ನ ವಿಭಾಗದಲ್ಲೇ ಎಲ್ಲರಿಗಿಂತ ದೊಡ್ಡದು, ಮುಂದಿನ ಗಡುವಿಗೆ ಹತ್ತಿರ ಹುಟ್ಟಿದ್ದು ಎಲ್ಲರಿಗಿಂತ ಚಿಕ್ಕದು. ಕೆನಡಾದ ಐಸ್ ಹಾಕಿಯಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿ ಆಯ್ಕೆಯಾಗುತ್ತಿದ್ದುದನ್ನು ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್‌ಸ್ಲಿ ಮತ್ತು ಸಂಗಡಿಗರು 1985ರಲ್ಲಿ ತೋರಿಸಿದರು. ಮುಂದೆ ಫುಟ್‌ಬಾಲ್ ಸೇರಿ ಹಲವು ಆಟಗಳಲ್ಲಿ ಇದೇ ಕಂಡುಬಂತು.

ನಮ್ಮಲ್ಲಿ ಇನ್ನೊಂದು ತೊಡಕೂ ಇದೆ. ಹಳ್ಳಿಗಳಲ್ಲಿ ಜೂನ್ 1ರಂದು ಹುಟ್ಟಿದವರು ಲೆಕ್ಕವಿಲ್ಲದಷ್ಟು ಸಿಗುತ್ತಾರೆ! ಹುಟ್ಟಿದ ದಿನ ಗೊತ್ತಿಲ್ಲದಿದ್ದಾಗ ಶಾಲೆಗೆ ಸೇರಿಸುವ ಹೊತ್ತಿಗೆ ಮೇಷ್ಟ್ರು ಬರೆದುಕೊಂಡ ದಿನಾಂಕವದು. ಜನನ ಪ್ರಮಾಣಪತ್ರ ಬಂದ ಮೇಲೆ ಇದು ಕಡಿಮೆಯಾಗಿದೆ. ಆದರೆ ಕಾಗದದ ವಯಸ್ಸು ನಿಜವಿದ್ದರೂ ದೇಹದ ವಯಸ್ಸು ಬೇರೆ ಇರಬಹುದು ಎಂಬುದು ಮರೆಯಬಾರದ ಮಾತು.

ತೂಕ ಇಳಿಸುವ ಅಪಾಯ

ಕಬಡ್ಡಿಯಲ್ಲಿ ವಯಸ್ಸಿನ ಜೊತೆ ತೂಕಕ್ಕೂ ಮಿತಿ ಇದೆ. ಜೂನಿಯರ್ ಬಾಲಕರಿಗೆ 70 ಕಿಲೋ, ಬಾಲಕಿಯರಿಗೆ 65 ಕಿಲೋ. ಅಂಕಣದ ಅಳತೆಯೂ ಬದಲಾಗುತ್ತದೆ: ಪುರುಷರಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲ ಇದ್ದರೆ ಸಬ್ ಜೂನಿಯರ್ ಮಕ್ಕಳಿಗೆ 11 ಮತ್ತು 8 ಮೀಟರ್. ಇವು ಒಳ್ಳೆಯ ನಿಯಮಗಳೇ. ತೊಂದರೆ ಇರುವುದು ಮಿತಿಯೊಳಗೆ ತೂರಿಸಲು ಮಾಡುವ ಕಸರತ್ತಿನಲ್ಲಿ. ತೂಕ ನೋಡುವ ಹಿಂದಿನ ದಿನ ಊಟ ಬಿಡಿಸುವುದು, ನೀರು ಕುಡಿಯಲು ಬಿಡದಿರುವುದು, ಸ್ವೆಟರ್ ಹಾಕಿಸಿ ಓಡಿಸುವುದು ಬೆಳೆಯುವ ಮಕ್ಕಳಿಗೆ ಅಪಾಯಕಾರಿ. ಇಳಿಯುವುದು ಕೊಬ್ಬಲ್ಲ, ದೇಹದ ನೀರು. ನೀರು ಕಡಿಮೆಯಾದ ದೇಹ ಬೆವರಿ ತಣಿಯಲಾರದು. ತಲೆಸುತ್ತು, ಸ್ನಾಯು ಸೆಳೆತದಿಂದ ಹಿಡಿದು ಜೀವಕ್ಕೇ ಎರವಾಗುವ ಉಷ್ಣಾಘಾತದವರೆಗೆ ಹೋಗಬಹುದು.

"ಬೆಳೆಯೋ ಹುಡುಗ, ನೋವು ಇದ್ದದ್ದೇ"

ಇದು ಅರ್ಧ ಸತ್ಯ. ಮಕ್ಕಳ ಮೂಳೆಗಳ ತುದಿಯಲ್ಲಿ ಮೆದುವಾದ ಬೆಳವಣಿಗೆಯ ಪದರ ಇರುತ್ತದೆ. ಮೂಳೆ ವೇಗವಾಗಿ ಬೆಳೆಯುವಾಗ ಓಟ, ಜಿಗಿತ ಅತಿಯಾದರೆ ಸ್ನಾಯುಗಳು ಆ ಜಾಗವನ್ನು ಮತ್ತೆ ಮತ್ತೆ ಎಳೆಯುತ್ತವೆ. ಮಂಡಿಚಿಪ್ಪಿನ ಕೆಳಗೆ ಗಂಟಿನಂತೆ ಉಬ್ಬಿ ನೋಯುವ ಓಸ್‌ಗುಡ್-ಶ್ಲಾಟರ್ ತೊಂದರೆ, ಹಿಮ್ಮಡಿ ನೋವು ಇದರಿಂದಲೇ ಬರುತ್ತವೆ. ಆಟ ಕೆಲಕಾಲ ತಗ್ಗಿಸಿದರೆ ಇವು ಹೆಚ್ಚಾಗಿ ವಾಸಿಯಾಗುತ್ತವೆ. ಕುಂಟುವಷ್ಟು ನೋವಿದ್ದರೆ, ರಾತ್ರಿ ನಿದ್ದೆ ಕೆಡಿಸಿದರೆ ವೈದ್ಯರಿಗೆ ತೋರಿಸಬೇಕು.

ಭಾರ ಎತ್ತಿದರೆ ಮಕ್ಕಳು ಕುಳ್ಳಾಗುತ್ತಾರೆ ಎಂಬ ಮಾತೂ ಇದೆ. ಬಲ್ಲವರ ಕಣ್ಣೆದುರು, ಸರಿಯಾದ ರೀತಿಯಲ್ಲಿ, ವಯಸ್ಸಿಗೆ ತಕ್ಕ ಭಾರದಿಂದ ಮಾಡುವ ವ್ಯಾಯಾಮ ಎತ್ತರವನ್ನು ತಡೆಯುವುದಿಲ್ಲ. ಗರಡಿಮನೆಯ ದಂಡ, ಬೈಠಕ್‌ಗೂ ಇದೇ ಮಾತು.

ಐರ್ಲೆಂಡಿನ ಹಳ್ಳಿಗಳಿಂದ ಒಂದು ಪಾಠ

ಐರ್ಲೆಂಡಿನ ದೇಸಿ ಆಟಗಳಾದ ಹರ್ಲಿಂಗ್ ಮತ್ತು ಗೇಲಿಕ್ ಫುಟ್‌ಬಾಲ್ ನಮ್ಮ ಕಬಡ್ಡಿ, ಖೋ ಖೋದಂತೆ ಊರಿನ ಹೆಸರಿನಲ್ಲೇ ಬೆಳೆದಂಥವು. 1884ರಲ್ಲಿ ಹುಟ್ಟಿದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಇವುಗಳನ್ನು ನಡೆಸುತ್ತದೆ, ಆಟಗಾರರಿಗೆ ಸಂಬಳವಿಲ್ಲ. ಅಲ್ಲಿ 12 ವರ್ಷದೊಳಗಿನವರಿಗೆ 'ಗೋ ಗೇಮ್ಸ್' ಎಂಬ ಪದ್ಧತಿ ಇದೆ. ಸಣ್ಣ ಮೈದಾನ, ಸಣ್ಣ ತಂಡ, ಬಂದ ಪ್ರತಿ ಮಗುವಿಗೂ ಪೂರ್ತಿ ಆಟ. ಕಪ್ಪು ಗೆಲ್ಲುವುದು ಮುಖ್ಯವಲ್ಲ, ಮಗು ಮುಂದಿನ ವಾರವೂ ಬರುವುದು ಮುಖ್ಯ. ಇವತ್ತು ಸಣ್ಣಗಿರುವವನು ನಾಳೆ ಊರಿನ ತಂಡಕ್ಕೆ ಬೇಕಾಗುತ್ತಾನೆ ಎಂಬ ಲೆಕ್ಕಾಚಾರವೂ ಇದರಲ್ಲಿದೆ.

ನಮ್ಮ ಮೈದಾನದಲ್ಲಿ ಏನು ಮಾಡಬಹುದು?

ಇದಕ್ಕೆ ದುಡ್ಡು ಬೇಕಿಲ್ಲ. ದೈಹಿಕ ಶಿಕ್ಷಕರು, ಪಾಲಕರು ಇಷ್ಟು ಮಾಡಿದರೆ ಸಾಕು:

• ಮೂರು ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಎತ್ತರ ಬರೆದಿಡಿ. ಒಮ್ಮೆಲೇ ಎತ್ತರವಾಗುತ್ತಿರುವ ಮಗುವಿಗೆ ಜಿಗಿತ, ಓಟ ಸ್ವಲ್ಪ ತಗ್ಗಿಸಿ. ಆಗ ಅದು ಎಡವಿದರೆ, ಹಿಡಿತ ತಪ್ಪಿದರೆ ಬೈಯಬೇಡಿ.

• ಅಭ್ಯಾಸದಲ್ಲಿ ಕೆಲವೊಮ್ಮೆ ತರಗತಿ ಬಿಟ್ಟು ಮೈಕಟ್ಟಿನ ಪ್ರಕಾರ ಗುಂಪು ಮಾಡಿ. ದೊಡ್ಡ ಮೈಯವನು ತನ್ನಷ್ಟೇ ಬಲದವರ ಎದುರು ಚಳಕ ಕಲಿಯುತ್ತಾನೆ, ಸಣ್ಣವನು ಧೈರ್ಯವಾಗಿ ದಾಳಿಗೆ ಹೋಗುತ್ತಾನೆ.

• ಹನ್ನೆರಡು ಜನ ಆಯ್ಕೆಯಾದ ಮೇಲೂ ಉಳಿದ ಹದಿನೆಂಟು ಜನರನ್ನು ಅಭ್ಯಾಸಕ್ಕೆ ಕರೆಯಿರಿ.

• ಹೈಸ್ಕೂಲಿಗೆ ಬಂದ ಹೆಣ್ಣುಮಕ್ಕಳಿಗೆ "ಇನ್ನ ಸಾಕು, ದೊಡ್ಡಾಕಿ ಆದಿ" ಎನ್ನಬೇಡಿ. ಮುಟ್ಟು ಶುರುವಾಯಿತೆಂದು ಆಟ ಬಿಡಿಸಲು ವೈದ್ಯಕೀಯ ಕಾರಣವಿಲ್ಲ.

ಬಿತ್ತಿದ ಕಡಲೆಯೆಲ್ಲ ಒಂದೇ ದಿನ ಮೊಳಕೆಯೊಡೆಯುವುದಿಲ್ಲ ಎಂಬುದು ಎರೆಹೊಲದ ರೈತರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ತಡವಾಗಿ ಮೊಳೆತದ್ದನ್ನು ಅವರು ಕಿತ್ತೆಸೆಯುವುದೂ ಇಲ್ಲ. ಅಷ್ಟೇ ಸಹನೆಯನ್ನು ಶಾಲೆಯ ಮೈದಾನಕ್ಕೂ ತರಬೇಕೆಂಬುದು ನಮ್ಮ ಮಾತು.