ತಿಂಗಳ ಕೊನೆಯ ಲೆಕ್ಕ

ಹೊಸದಾಗಿ ಕೆಲಸಕ್ಕೆ ಸೇರಿದ ತರುಣನೊಬ್ಬ ಮೊದಲ ಸಂಬಳ ಬಂದ ದಿನವೇ ಒಂದು ನೋಟ್‌ಬುಕ್ಕನ್ನು ಕೊಂಡು, ಆ ನೋಟ್‌ಬುಕ್ಕಿನ ಬೆಲೆಯನ್ನೇ ಮೊದಲ ಖರ್ಚಾಗಿ ಅದರಲ್ಲಿ ಬರೆಯುವುದುಂಟು. ಎರಡು ವಾರ ಬಾಡಿಗೆ, ಹಾಲು, ಬಸ್ಸಿನ ಚಾರ್ಜು ಎಲ್ಲವೂ ಶಿಸ್ತಾಗಿ ದಾಖಲಾಗುತ್ತವೆ. ಮೂರನೆಯ ವಾರ ‘ಇತರೆ’ ಎಂಬ ಬಾಬ್ತು ತಲೆಹಾಕುತ್ತದೆ. ನಾಲ್ಕನೆಯ ವಾರಕ್ಕೆ ಉಳಿದ ಬಾಬ್ತುಗಳನ್ನೆಲ್ಲ ಅದೇ ನುಂಗಿ ಕುಳಿತಿರುತ್ತದೆ. ನನ್ನ ಬಳಿ ಅಂಥ ಪುಸ್ತಕಗಳು ಮೂರೋ ನಾಲ್ಕೋ ಇದ್ದವು. ಯಾವುದೂ ಎರಡನೆಯ ತಿಂಗಳ ಮುಖ ಕಾಣಲಿಲ್ಲ. ಆದ್ದರಿಂದಲೇ, ಒಂಬತ್ತು ವರ್ಷಕ್ಕೂ ಮೀರಿ ತನ್ನ ಹಣದ ಲೆಕ್ಕವನ್ನು ಬರೆದಿಟ್ಟ ಒಬ್ಬ ಗುಮಾಸ್ತನ ವಿಷಯದಲ್ಲಿ ನನಗೆ ಮತ್ಸರ ಬೆರೆತ ಗೌರವವಿದೆ.

ಆತನ ಹೆಸರು ಸ್ಯಾಮ್ಯುಯಲ್ ಪೀಪ್ಸ್. ಲಂಡನ್ನಿನ ದರ್ಜಿಯೊಬ್ಬನ ಮಗ, ಹುಟ್ಟಿದ್ದು 1633ರಲ್ಲಿ. ಕೇಂಬ್ರಿಜ್ಜಿನಲ್ಲಿ ಓದಿ, ಬಂಧುವೂ ಪ್ರಭಾವಶಾಲಿಯೂ ಆದ ಎಡ್ವರ್ಡ್ ಮಾಂಟೆಗ್ಯುವಿನ ಆಶ್ರಯ ಪಡೆದು, ಖಜಾನೆಯಲ್ಲಿ ಒಂದು ಸಣ್ಣ ಕೆಲಸ ಹಿಡಿದಿದ್ದ. 1660ರ ಜನವರಿ 1ರಂದು ಶೀಘ್ರಲಿಪಿಯಲ್ಲಿ ದಿನಚರಿಯನ್ನು ಆರಂಭಿಸಿದಾಗ ಅವನಿಗೆ 26 ವರ್ಷ. ಜನ ತನ್ನನ್ನು ಅನುಕೂಲಸ್ಥನೆಂದು ತಿಳಿದಿದ್ದಾರೆ, ನಿಜದಲ್ಲಿ ತಾನು ಬಡವ ಎಂಬ ಒಪ್ಪಿಗೆ ಅಲ್ಲಿ ಮೊದಲ ದಿನವೇ ಬರುತ್ತದೆ. ಸಂಬಳದ ಮೇಲೆ ಬದುಕಿದ ಯಾವ ತರುಣ ಈ ಮಾತನ್ನು ತನ್ನದೆನ್ನಲಾರ?

ಇಂಗ್ಲಿಷ್ ಸಾಹಿತ್ಯವನ್ನು ಓದಿದವರಿಗೆ ಪೀಪ್ಸ್ ಪರಿಚಿತನೇ. 1665ರ ಮಹಾಮಾರಿ, 1666ರ ಲಂಡನ್ ಬೆಂಕಿ, ನಾಟಕಶಾಲೆಗಳು, ಅರಮನೆಯ ಗಾಳಿಮಾತುಗಳು—ಇವುಗಳಿಗಾಗಿ ಆ ದಿನಚರಿಯನ್ನು ತೆರೆಯುತ್ತೇವೆ. ಆದರೆ ಅದರ ಬೆನ್ನೆಲುಬು ಇರುವುದು ತಿಂಗಳ ಕಡೆಯ ದಿನದಲ್ಲಿ. ಅಂದು ಆತ ಬಾಗಿಲು ಹಾಕಿಕೊಂಡು ಲೆಕ್ಕಕ್ಕೆ ಕೂಡುತ್ತಾನೆ. ಯಾವುದಕ್ಕೆ ಎಷ್ಟು ಖರ್ಚಾಯಿತು ಎಂಬುದಷ್ಟೇ ಅವನ ಪ್ರಶ್ನೆಯಲ್ಲ; ಕೊಡಬೇಕಾದುದನ್ನೆಲ್ಲ ಕಳೆದರೆ ತಾನು ಎಷ್ಟು ಬಾಳುತ್ತೇನೆ ಎಂಬುದು. 1660ರ ಜೂನ್‌ನಲ್ಲಿ ಉತ್ತರ, ಸುಮಾರು ನೂರು ಪೌಂಡು. ಅದೇ ವರ್ಷ ಎರಡನೆಯ ಚಾರ್ಲ್ಸ್ ಸಿಂಹಾಸನಕ್ಕೆ ಮರಳಿದ. ಮಾಂಟೆಗ್ಯುವಿನ ಕೃಪೆಯಿಂದ ಪೀಪ್ಸನಿಗೆ ನೌಕಾಮಂಡಲಿಯಲ್ಲಿ ‘ಕ್ಲರ್ಕ್ ಆಫ್ ದಿ ಆಕ್ಟ್ಸ್’ ಎಂಬ ಹುದ್ದೆ ದೊರೆಯಿತು. ವರ್ಷಕ್ಕೆ 350 ಪೌಂಡು ಸಂಬಳ.

ಇಲ್ಲಿ ಒಂದು ವಿನೋದವಿದೆ. ಕೇಂಬ್ರಿಜ್ಜಿನ ಈ ಪದವೀಧರನಿಗೆ ಮಗ್ಗಿ ಬರುತ್ತಿರಲಿಲ್ಲ! ನಮ್ಮ ಕೂಲಿಮಠದ ಹುಡುಗರು ಬೆತ್ತದ ಭಯದಲ್ಲಿ ಒಪ್ಪಿಸುತ್ತಿದ್ದ ಮಗ್ಗಿಯನ್ನು ಪೀಪ್ಸ್ ಕಲಿತದ್ದು 1662ರ ಜುಲೈನಲ್ಲಿ, ತನ್ನ 29ನೆಯ ವಯಸ್ಸಿನಲ್ಲಿ, ಕೂಪರ್ ಎಂಬ ಹಡಗಿನ ಮೇಟಿಯಿಂದ. ಬೆಳಗಿನ ನಾಲ್ಕು ಗಂಟೆಗೆ ಎದ್ದು ಬಾಯಿಪಾಠ ಮಾಡುತ್ತಿದ್ದ. ಹಡಗುಗಳಿಗೆ ಮರ ಒದಗಿಸುವ ವ್ಯಾಪಾರಿಗಳು ಅಳತೆಯಲ್ಲಿ ಮೋಸ ಮಾಡದಂತೆ ನೋಡಿಕೊಳ್ಳಬೇಕಾಗಿತ್ತು. ಸರಕಾರದ ಹಣವನ್ನು ಉಳಿಸಲು ಒಬ್ಬ ಅಧಿಕಾರಿ ಹೀಗೆ ನಿದ್ದೆಗೆಟ್ಟದ್ದನ್ನು ಮೆಚ್ಚಲೇಬೇಕು. ಮುಂದಿನ ಕಥೆ ಗೊತ್ತಿದ್ದರೂ ಮೆಚ್ಚಬೇಕು.

ತನ್ನನ್ನು ತಾನು ಕಟ್ಟಿಹಾಕಿಕೊಳ್ಳಲು ಪೀಪ್ಸ್ ವ್ರತಗಳನ್ನು ಹಿಡಿಯುತ್ತಿದ್ದ. ಇಷ್ಟು ದಿನ ಮದ್ಯವಿಲ್ಲ, ನಾಟಕವಿಲ್ಲ. ಮುರಿದರೆ ಬಡವರ ಡಬ್ಬಿಗೆ ದಂಡ. ಮುರಿಯುತ್ತಿದ್ದ, ದಂಡ ತೆರುತ್ತಿದ್ದ. ಕೆಲವೊಮ್ಮೆ ವ್ರತದ ಮಾತುಗಳಿಗೇ ಹೊಸ ಅರ್ಥ ಹಚ್ಚಿ ನಾಟಕಕ್ಕೆ ಹೋಗುತ್ತಿದ್ದ. 1663ರ ಅಕ್ಟೋಬರ್ 31ರ ಲೆಕ್ಕ ಬಹಳ ಸೊಗಸಾದದ್ದು. ಹಿಂದಿನ ತಿಂಗಳು 760 ಪೌಂಡಿದ್ದ ಆಸ್ತಿ 717ಕ್ಕೆ ಇಳಿದಿದೆ. ಕಾರಣ ಬಟ್ಟೆಬರೆ. ಹೆಂಡತಿಗೆ ಸುಮಾರು 12 ಪೌಂಡು, ತನಗೆ ಸುಮಾರು 55! ತನ್ನದರಲ್ಲಿ ಮಖಮಲ್ಲಿನ ನಿಲುವಂಗಿಯೂ ಕೃತಕ ಕೇಶವೂ ಸೇರಿದ್ದವು. ದರ್ಜಿಯ ಮಗ ದೊಡ್ಡವರ ನಡುವೆ ದೊಡ್ಡವನಂತೆ ಕಾಣಬೇಕಲ್ಲ.

ಈ ಎರಡು ಅಂಕಿಗಳನ್ನು ನೆನಪಿನಲ್ಲಿಟ್ಟುಕೊಂಡು ಮರುವರ್ಷದ ಒಂದು ಪ್ರಸಂಗವನ್ನು ನೋಡಬೇಕು. ಎಲಿಜಬೆತ್ ಬರೆದಿಟ್ಟ ಅಡಿಗೆಮನೆಯ ಲೆಕ್ಕವನ್ನು ಪೀಪ್ಸ್ ತಪಾಸಣೆ ಮಾಡಿ ಸಿಡುಕಿದಾಗ, ಆಕೆ ಗುಟ್ಟೊಂದನ್ನು ಬಿಟ್ಟುಕೊಟ್ಟಳು: ಮೊತ್ತ ಕೂಡಿಬರದಿದ್ದರೆ ಬೇರೆ ಬಾಬ್ತುಗಳಿಗೆ ಅಷ್ಟಿಷ್ಟು ಸೇರಿಸಿ ಸರಿಮಾಡುತ್ತಿದ್ದಳಂತೆ. ಗಂಡ ಕೆರಳಿದ. ನನ್ನ ಸಹಾನುಭೂತಿಯೆಲ್ಲ ಎಲಿಜಬೆತ್ತಳ ಕಡೆಗೆ. ನನ್ನ ‘ಇತರೆ’ಗೆ ಆಕೆಯೇ ಪೂರ್ವಿಕಳು.

ಕೆರಳಿದ ಗಂಡನ ಕೈ ಶುದ್ಧವಾಗಿತ್ತೆ? 1663ರ ಏಪ್ರಿಲ್‌ನಲ್ಲಿ ಗ್ರೋವ್ ಎಂಬ ಕ್ಯಾಪ್ಟನ್ ಒಂದು ಲಕೋಟೆಯನ್ನು ಕೈಗಿತ್ತ. ಒಳಗೆ ಹಣವಿದೆಯೆಂದು ಪೀಪ್ಸನಿಗೆ ಗೊತ್ತು. ಕಚೇರಿಗೆ ಬಂದು, ಲಕೋಟೆಯೊಳಗೆ ಕಣ್ಣು ಹಾಯಿಸದೆಯೇ ಹಣವನ್ನೆಲ್ಲ ಹೊರಕ್ಕೆ ಕೊಡವಿದ. ಅನಂತರ ಕಾಗದವನ್ನು ನೋಡಿದ. ಮುಂದೆ ಯಾರಾದರೂ ಕೇಳಿದರೆ, ಕಾಗದದಲ್ಲಿ ತಾನು ಹಣ ನೋಡಲಿಲ್ಲವೆಂದು ಸುಳ್ಳಿಲ್ಲದೆ ಹೇಳಬಹುದಲ್ಲ! ಒಂದು ಚಿನ್ನದ ನಾಣ್ಯ, ನಾಲ್ಕು ಪೌಂಡಿನಷ್ಟು ಬೆಳ್ಳಿ. ಲೋಕಕ್ಕೆ ಹೇಳಬೇಕಾದ ಮಾತನ್ನು ಇಷ್ಟು ಜಾಣತನದಿಂದ ಸಿದ್ಧಪಡಿಸಿದವನು ಅದೇ ರಾತ್ರಿ ಆ ಜಾಣತನವನ್ನೇ ದಿನಚರಿಗೆ ಹಾಕಿದ. ಆತ ಲೋಕಕ್ಕೆ ಸುಳ್ಳು ಹೇಳಿದ್ದುಂಟು. ಲೆಕ್ಕಕ್ಕೆ ಸುಳ್ಳು ಹೇಳಲಿಲ್ಲ. ಈ ಗುಣವನ್ನು ಪ್ರಾಮಾಣಿಕತೆ ಎನ್ನಬೇಕೆ, ಬೇರೆ ಹೆಸರು ಹುಡುಕಬೇಕೆ ಎಂದು ನಾನು ಹಲವು ಸಲ ಯೋಚಿಸಿದ್ದೇನೆ.

ಅಂಕಿಗಳು ಏರುತ್ತ ಹೋದವು. 1664ರ ಕೊನೆಗೆ 1349 ಪೌಂಡು. 1665ರ ಕೊನೆಗೆ 4400. ಲಂಡನ್ನಿನ ಬೀದಿಗಳಲ್ಲಿ ಹೆಣದ ಗಾಡಿಗಳು ಓಡಾಡಿದ ವರ್ಷ ಅದು. ಡಚ್ಚರೊಡನೆ ಯುದ್ಧದ ವರ್ಷವೂ ಹೌದು. ಟ್ಯಾಂಜಿಯರ್ ನೆಲೆಯ ಖಜಾಂಚಿತನ, ನೌಕಾಪಡೆಯ ಆಹಾರ ಸರಬರಾಜಿನ ಮೇಲ್ವಿಚಾರಣೆ, ಗುತ್ತಿಗೆದಾರರ ಕಾಣಿಕೆಗಳು—350ರ ಸಂಬಳದ ಪಕ್ಕದಲ್ಲಿ ಇವೆಲ್ಲ ಹರಿದುಬಂದವು. 1666ರ ಕೊನೆಗೆ 6200ಕ್ಕೂ ಮಿಕ್ಕಿತು. ಆಗ ಕೂಡಿಡುವುದಕ್ಕಿಂತ ಕಾಪಾಡುವುದೇ ಕಷ್ಟವಾಯಿತು. 1667ರ ಜೂನ್‌ನಲ್ಲಿ ಡಚ್ಚರು ಮೆಡ್‌ವೇ ನದಿಯೊಳಗೆ ನುಗ್ಗಿ ಇಂಗ್ಲಿಷ್ ಹಡಗುಗಳನ್ನು ಸುಟ್ಟಾಗ, ಸುಮಾರು 1300 ಪೌಂಡಿನ ಚಿನ್ನವನ್ನು ಚೀಲದಲ್ಲಿ ಕಟ್ಟಿ ತಂದೆಯನ್ನೂ ಹೆಂಡತಿಯನ್ನೂ ಬ್ರಾಂಪ್ಟನ್ ಹಳ್ಳಿಗೆ ಅಟ್ಟಿದ. ಅವರು ಅದನ್ನು ಭಾನುವಾರ ಹಾಡುಹಗಲೇ ತೋಟದಲ್ಲಿ ಹೂಳಿದರು. ಅಕ್ಟೋಬರ್‌ನಲ್ಲಿ ಪೀಪ್ಸ್ ತಾನೇ ಹೋಗಿ ರಾತ್ರಿ ಲಾಂದ್ರದ ಬೆಳಕಿನಲ್ಲಿ ಅಗೆದರೆ, ಚೀಲ ಕೊಳೆತು ನಾಣ್ಯಗಳು ಮಣ್ಣುಪಾಲಾಗಿದ್ದವು. ಮಣ್ಣನ್ನು ತೊಳೆದು ಜರಡಿಯಾಡಿದರೂ ಇಪ್ಪತ್ತು ಮೂವತ್ತು ನಾಣ್ಯ ಸಿಗಲಿಲ್ಲ.

ಈ ಸಂಪತ್ತಿನ ಮಗ್ಗುಲಲ್ಲೇ ಇನ್ನೊಂದು ಲೆಕ್ಕ ತೀರದೆ ಬಿದ್ದಿತ್ತು. ಯುದ್ಧ ಮಾಡಿ ಬಂದ ನಾವಿಕರಿಗೆ ಸರಕಾರ ರೊಕ್ಕದ ಬದಲು ಚೀಟಿ ಕೊಡುತ್ತಿತ್ತು. ಹಸಿದವರು ಚೀಟಿಯನ್ನು ಸಿಕ್ಕಿದ ಬೆಲೆಗೆ ದಲ್ಲಾಳಿಗಳಿಗೆ ಮಾರುತ್ತಿದ್ದರು. ಮೆಡ್‌ವೇಯಲ್ಲಿ ಡಚ್ಚರ ಹಡಗುಗಳ ಮೇಲೆ ಇಂಗ್ಲಿಷ್ ನಾವಿಕರೂ ಇದ್ದರು. ಹಿಂದೆ ಚೀಟಿಗಾಗಿ ಕಾದಿದೆವು, ಈಗ ನಾಣ್ಯಕ್ಕಾಗಿ ಕಾದುತ್ತೇವೆ ಎಂದು ಅವರು ಕೂಗಿದ ಸುದ್ದಿಯನ್ನು ಬರೆದಿಟ್ಟವನೂ ಪೀಪ್ಸನೇ.

ಅದಕ್ಕೂ ಒಂದು ವರ್ಷ ಮೊದಲು, 1666ರ ಜುಲೈ 10ರಂದು, ನೌಕಾ ಕಚೇರಿಯ ಅಂಗಳದಲ್ಲಿ ಮುನ್ನೂರಕ್ಕೂ ಹೆಚ್ಚು ಹೆಂಗಸರು ನೆರೆದರು. ಗಂಡಂದಿರು ಹಾಲೆಂಡಿನಲ್ಲಿ ಸೆರೆಯಾಳುಗಳು; ಇವರು ಹಣ ಕೇಳಲು ಬಂದವರು. ಅಳುತ್ತ, ಶಪಿಸುತ್ತ ನಿಂತಿದ್ದರು. ಪೀಪ್ಸನ ಮನೆಯ ಜಿಂಕೆಮಾಂಸದ ಕಡುಬನ್ನು ಅಂದು ರಾತ್ರಿಯ ಊಟಕ್ಕಾಗಿ ಬೇಯಿಸಲು ಹೊರಗೆ ಕಳಿಸಬೇಕಾಗಿತ್ತು. ಈ ಹೆಂಗಸರು ಮೇಲೆ ಬಿದ್ದಾರೆಂದು ಮನೆಯವರಿಗೆ ಹೆದರಿಕೆ. ಕಡುಬಿಗೆ ಏನೂ ಆಗಲಿಲ್ಲ. ಅವರ ಮೊರೆ ಕೇಳಿ ತನಗೆ ಅಳು ಬರುವಂತಾಯಿತು, ಆದರೆ ತಾನೇನೂ ಮಾಡಲಾರೆ ಎನ್ನುತ್ತಾನೆ ಪೀಪ್ಸ್. ಉಳಿದವರು ಹೋದ ಮೇಲೆ, ಬೈಯದೆ ಗಂಡನಿಗಾಗಿ ಮರುಗುತ್ತಿದ್ದ ಒಬ್ಬಳನ್ನು ಕರೆದು ಸ್ವಲ್ಪ ಹಣ ಕೊಟ್ಟ. ಆಕೆ ಹರಸಿ ಹೋದಳು. ಎಷ್ಟು ಕೊಟ್ಟೆನೆಂದು ಮಾತ್ರ ಅಲ್ಲಿ ಬರೆದಿಲ್ಲ.