ಮೋಡದೊಳಗಿನ ಸುಳಿ

ಬೀದರದಿಂದ ಪೂರ್ವಕ್ಕೆ ಎರಡು ಮೈಲಿ ಹೋದರೆ ಅಷ್ಟೂರ. ಹೊಲಗಳ ನಡುವೆ ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿ ನಿಂತಿವೆ. 1422ರಿಂದ 1436ರವರೆಗೆ ಆಳಿದ ಅಹಮದ್ ಶಾಹನ ಗುಮ್ಮಟಕ್ಕೆ ಇಂದಿಗೂ ಜನ ನಡೆದುಕೊಳ್ಳುತ್ತಾರೆ. ಮುಸಲ್ಮಾನರಿಗೆ ಅವನು ವಲಿ, ಲಿಂಗಾಯತರಿಗೆ ಅಲ್ಲಮಪ್ರಭು. ಉರುಸಿನಲ್ಲಿ ಇಬ್ಬರೂ ಸೇರುತ್ತಾರೆ. ಆ ವಲಿ ಎಂಬ ಹೆಸರು ಅವನಿಗೆ ಬಂದದ್ದು ಮಳೆಯಿಂದ. ಬರ ಬಿದ್ದ ವರ್ಷ ದಿಬ್ಬ ಹತ್ತಿ ಪ್ರಾರ್ಥಿಸಿದನಂತೆ, ಮೋಡ ಕವಿದು ಸುರಿಯಿತಂತೆ. ಹಳೆಯ ಚರಿತ್ರೆಕಾರರು ಹಾಗೆ ಬರೆದಿಟ್ಟಿದ್ದಾರೆ.

ದೊರೆಯ ಕತೆ ನಮ್ಮ ಇತಿಹಾಸದ ಪಾಠದಲ್ಲಿದೆ, ಮೋಡದ ಕತೆ ಇಲ್ಲ. ಮೃಗಶಿರದಲ್ಲಿ ಹೆಸರು, ಉದ್ದು ಬಿತ್ತಿದವರಿಗೆ ಬೇಕಾದದ್ದು ಎರಡನೆಯದೇ. ಕವಿದ ಮೋಡ ಬೆಳೆದು ಸುರಿಯುತ್ತದೆಯೋ ಚದುರಿ ಹೋಗುತ್ತದೆಯೋ? ಆ ಪ್ರಶ್ನೆಯ ಬಹುಪಾಲು ಮೋಡದೊಳಗಿನ ಸುಳಿಗಳಲ್ಲಿದೆ.

ಗಾಳಿಯಾಗಲಿ ನೀರಾಗಲಿ ಗದ್ದಲದಿಂದ ಹರಿಯುವಾಗ ಅದರ ಚೂರುಚೂರಿಗೂ ಎರಡು ಗತಿ. ಒಂದು, ಸುತ್ತುವುದು, ಇನ್ನೊಂದು, ಹಿಗ್ಗುವುದು. ಹಿಟ್ಟಿನ ಉಂಡೆಯನ್ನು ಎಳೆದು ಶಾವಿಗೆ ಮಾಡಿದಂತೆ ಒಂದು ಕಡೆ ಉದ್ದವಾಗಿ ಇನ್ನೊಂದು ಕಡೆ ಸಣ್ಣಗಾಗುವುದು. ಮೊದಲನೆಯದನ್ನು ಸುಳಿ ಎನ್ನೋಣ, ಎರಡನೆಯದನ್ನು ಎಳೆತ. ಇವೆರಡೂ ಒಂದನ್ನೊಂದು ಬಿಟ್ಟಿರುವುದಿಲ್ಲ. ಹಂಜಿಯಿಂದ ನೂಲು ತೆಗೆಯುವುದನ್ನು ಕಂಡವರಿಗೆ ಇದು ಹೊಸದಲ್ಲ. ಒಂದು ಕೈ ಎಳೆಯುತ್ತದೆ, ಕದಿರು ತಿರುಗುತ್ತದೆ, ಎಳೆ ಸಣ್ಣಗಾಗುತ್ತದೆ. ಸುಳಿಯದೂ ಹಾಗೆಯೇ. ಉದ್ದಕ್ಕೆ ಎಳೆದರೆ ಅದು ಸಣ್ಣಗಾಗಿ ಇನ್ನಷ್ಟು ಬಿರುಸಾಗಿ ತಿರುಗುತ್ತದೆ. ಫುಗಡಿ ಆಡುವ ಹುಡುಗಿಯರು ಕೈ ಮಡಿಸಿ ಹತ್ತಿರ ಬಂದರೆ ತಿರುಗು ಜೋರಾಗುವುದಿಲ್ಲವೆ?

ಈ ವಿದ್ಯೆ ಬೆಳೆದದ್ದು ನಿಧಾನವಾಗಿ. 1883ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯ ನೀರಿಗೆ ಬಣ್ಣದ ಎಳೆ ಬಿಟ್ಟು, ನೆಟ್ಟಗೆ ಹರಿಯುತ್ತಿದ್ದ ಅದು ವೇಗ ಹೆಚ್ಚಿದಾಗ ಒಮ್ಮೆಲೇ ಕದಡಿಹೋಗುವುದನ್ನು ತೋರಿಸಿದ. ದೊಡ್ಡ ಸುಳಿ ತನ್ನ ಶಕ್ತಿಯನ್ನು ಚಿಕ್ಕದಕ್ಕೆ, ಚಿಕ್ಕದು ಇನ್ನೂ ಚಿಕ್ಕದಕ್ಕೆ ಕೊಡುತ್ತ ಹೋಗುತ್ತದೆ, ಕೊನೆಗೆ ಅಂಟುತನದಲ್ಲಿ ಅದು ಶಾಖವಾಗಿ ಮುಗಿಯುತ್ತದೆ ಎಂದು ರಿಚರ್ಡ್‌ಸನ್ 1922ರಲ್ಲಿ ಹೇಳಿದ. ಅದಕ್ಕೆ ಲೆಕ್ಕ ಕೊಟ್ಟವನು 1941ರಲ್ಲಿ ರಷ್ಯದ ಕೊಲ್ಮೊಗೊರೊವ್. ಈ ಹಂಚಿಕೆ ನಡೆಯುವುದು ಎಳೆತದಿಂದ ಸುಳಿ ಸಣ್ಣಗಾಗುವುದರಿಂದಲೇ ಎಂದು ಬಹುಕಾಲ ಎಲ್ಲರೂ ಹೇಳಿಕೊಂಡು ಬಂದರು. 2020ರಲ್ಲಿ ಪೆರ್ರಿ ಜಾನ್ಸನ್, ಮತ್ತು ಬೇರೆಯಾಗಿ ಕಾರ್ಬೋನ್ ಹಾಗೂ ಬ್ರ್ಯಾಗ್, ಲೆಕ್ಕ ಬಿಡಿಸಿ ನೋಡಿದಾಗ ಎಳೆತ ತನ್ನನ್ನು ತಾನೇ ಹೆಚ್ಚಿಸಿಕೊಳ್ಳುವುದರ ಪಾಲು ಸುಳಿಯ ಪಾಲಿಗಿಂತ ದೊಡ್ಡದೆಂದು ಕಂಡಿತು. ಸುಳಿ ಕಣ್ಣಿಗೆ ಬೀಳುತ್ತದೆ, ಹೆಸರು ಪಡೆಯುತ್ತದೆ. ದುಡಿಮೆ ಹೆಚ್ಚಾಗಿ ಎಳೆತದ್ದು. ಮನೆಗಳಲ್ಲೂ ಇಂಥ ಲೆಕ್ಕ ನಾವು ನೋಡಿದ್ದೇವೆ, ಬಿಡಿ.

ಇವೆಲ್ಲ ಪರದೇಶದ ಹೆಸರುಗಳಾದವು. ನಮ್ಮ ನಾಡಿನ ಪಾಲೂ ಸಣ್ಣದಲ್ಲ. 1951ರಲ್ಲಿ ಸತೀಶ್ ಧವನ್ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದರು. ಅವರ ಕೈಯಲ್ಲಿ ಕಲಿತವರು ರೊದ್ದಂ ನರಸಿಂಹ. ಇವರ ತಂದೆ ಆರ್.ಎಲ್. ನರಸಿಂಹಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರು, ಕನ್ನಡದಲ್ಲಿ ವಿಜ್ಞಾನ ಬರೆದವರು. ಮಗ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಡಾಕ್ಟರೇಟ್ ಮುಗಿಸಿ 1962ರಲ್ಲಿ ಬೆಂಗಳೂರಿಗೇ ಮರಳಿದರು. ಅವರೂ ಅವರ ಶಿಷ್ಯ ಕಟೆಪಲ್ಲಿ ಶ್ರೀನಿವಾಸನ್ ಅವರೂ 1970ರ ದಶಕದಲ್ಲಿ ಮಾಡಿದ ಕೆಲಸ ನನಗೆ ಬಹಳ ಇಷ್ಟ. ಗದ್ದಲದ ಹರಿವನ್ನು ಬಲವಾಗಿ ಮುಂದಕ್ಕೆ ಎಳೆದು ವೇಗ ಹೆಚ್ಚಿಸಿದರೆ ಅದು ಮತ್ತೆ ಶಾಂತವಾಗುತ್ತದೆ! ಗದ್ದಲ ಸತ್ತೇ ಹೋಗುತ್ತದೆ ಎಂದಲ್ಲ. ದೊಡ್ಡ ಒತ್ತಡದ ಮುಂದೆ ಅದರ ಮಾತು ನಡೆಯುವುದಿಲ್ಲ. ಅತ್ತೆ ಪಡಸಾಲೆಗೆ ಬಂದಾಗಿನ ಸೊಸೆಯಂದಿರ ಹಾಗೆ.

ಮುಂದೆ ನರಸಿಂಹ ಅವರು ನೀರಿನ ತೊಟ್ಟಿಯಲ್ಲಿಯೇ ಮೋಡ ಮಾಡಿದರು. ಆವಿ ಹನಿಯಾಗುವಾಗ ಮೋಡದ ಒಡಲಲ್ಲಿ ಶಾಖ ಹುಟ್ಟುತ್ತದೆ. ಅದಕ್ಕೆ ಬದಲು ತೊಟ್ಟಿಯಲ್ಲಿ ಮೇಲೇಳುವ ಹರಿವಿಗೆ ನಡುದಾರಿಯಲ್ಲಿ ವಿದ್ಯುತ್ತಿನಿಂದ ಕಾವು ಕೊಟ್ಟರು. ಆಗ ದೊಡ್ಡ ಸುಳಿಗಳ ಕಟ್ಟು ಕೆಟ್ಟು, ಹರಿವು ಸುತ್ತಲಿನದನ್ನು ಒಳಗೆ ಸೆಳೆದುಕೊಳ್ಳುವುದು ಕಡಿಮೆಯಾಯಿತು. ನಿಜವಾದ ಮೋಡಕ್ಕೆ ಇದು ಜೀವದ ಮಾತು. ಹೊರಗಿನ ಒಣಗಾಳಿ ಹೆಚ್ಚು ನುಗ್ಗಿದರೆ ಮೋಡ ಆರಿಹೋಗುತ್ತದೆ. ಅವರು 2020ರ ಡಿಸೆಂಬರಿನಲ್ಲಿ ತೀರಿಕೊಂಡರು.

ಅವರ ಶಿಷ್ಯೆ ರಮಾ ಗೋವಿಂದರಾಜನ್ ನೌಕರಿ ಮಾಡುತ್ತಲೇ ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದವರು. 2007ರಲ್ಲಿ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂತು. ಹುಡುಗಿಗೆ ಇಷ್ಟು ಓದು ಯಾಕೆ ಎನ್ನುವವರು ಇನ್ನೂ ನಮ್ಮ ಓಣಿಯಲ್ಲಿರುವುದರಿಂದ ಈ ಮಾತನ್ನು ಇಲ್ಲಿ ಬರೆದಿದ್ದೇನೆ. ಮೋಡದ ಹನಿ ಎಷ್ಟು ಚಿಕ್ಕದೆಂದರೆ ಸುಮಾರು ಹತ್ತು ಲಕ್ಷ ಹನಿ ಕೂಡಿದರೆ ಒಂದು ಮಳೆಹನಿ. ಬರಿಯ ಆವಿ ಹೀರಿಕೊಂಡು ಅಷ್ಟು ಬೆಳೆಯಲು ಬಹಳ ಹೊತ್ತು ಬೇಕು. ರಮಾ ಮತ್ತು ಅವರ ಶಿಷ್ಯರು ಸುಳಿಯ ಹತ್ತಿರದ ಹನಿಗಳನ್ನು ಲೆಕ್ಕದಲ್ಲಿ ಹಿಂಬಾಲಿಸಿದರು. ನಡುವಿಗೆ ಹತ್ತಿರವಿದ್ದವು ಕವಣೆಯ ಕಲ್ಲಿನಂತೆ ಹೊರಕ್ಕೆ ಸಿಡಿದು ಮುಂದಿನವನ್ನು ಹಿಡಿಯುತ್ತವೆ, ಡಿಕ್ಕಿ ಹೊಡೆದು ಒಂದಾಗುತ್ತವೆ, ದಪ್ಪಗಾಗುತ್ತವೆ.

2025ರಲ್ಲಿ ಬಂದ ಭಾರತ ಹವಾಮುನ್ಸೂಚನಾ ವ್ಯವಸ್ಥೆ ದೇಶವನ್ನು ಆರು ಕಿಲೋಮೀಟರ್ ಚೌಕಗಳಾಗಿ ನೋಡುತ್ತದೆ. ಬೀದರದ ಕೋಟೆಯೂ ಅಷ್ಟೂರದ ಗುಮ್ಮಟವೂ ಒಂದೇ ಚೌಕದಲ್ಲಿ ಬೀಳುವಷ್ಟು ಹತ್ತಿರ. ಆ ಚೌಕದೊಳಗಿನ ಸುಳಿಗಳನ್ನು ಒಂದೊಂದಾಗಿ ಎಣಿಸಲು ಯಾವ ಯಂತ್ರಕ್ಕೂ ಆಗುವುದಿಲ್ಲ, ಎಲ್ಲವನ್ನೂ ಒಟ್ಟಾಗಿ ಅಂದಾಜು ಮಾಡಬೇಕು. ಕೋಟೆಯ ಬಳಿ ಸುರಿದು ಅಷ್ಟೂರದ ಹೊಲಗಳಲ್ಲಿ ಹನಿ ಬೀಳದ ದಿನ, ಕೆಲಸ ಕೈಕೊಟ್ಟಿರುವುದು ಆ ಅಂದಾಜಿನಲ್ಲಿಯೇ ಇರಬಹುದು.